ಕುಗ್ಗಿದ ಮನಸ್ಸಿಗೆ ದೇವರು ಮಾಡುವ ಉಪಚಾರ

ಪಾಠಭಾಗ: 1 ಅರಸುಗಳು 19:1–18. ಬಾಯಿಪಾಠಕ್ಕೆ: ಕೀರ್ತನೆ 42:11.



ನಮ್ಮ ಅಂದೋಲಾ, ಜೇವರ್ಗಿ ಸೀಮೆಯ ಎರೆಹೊಲಗಳಲ್ಲಿ ತೊಗರಿ ಬಿತ್ತುವವರೆಲ್ಲರೂ ನೆಟೆರೋಗವನ್ನು ಬಲ್ಲರು. ಗಿಡವು ಎದೆಮಟ್ಟ ಬೆಳೆದು ಹೂವಿಗೆ ಬಂದಿರುವದು; ನೆಲದಲ್ಲಿ ತೇವವೂ ಇರುವದು; ಆದಾಗ್ಯೂ ಕೆಲವು ದಿನಗಳೊಳಗೆ ಎಲೆಯು ಹಳದಿಯಾಗಿ ಬಾಡಿ, ಗಿಡವು ನಿಂತಲ್ಲಿಯೇ ಒಣಗಿಹೋಗುವದು. ಅಂಥ ಗಿಡದ ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು ಕಾಣುವವು. ಮಣ್ಣಿನಲ್ಲಿ ಅಡಗಿರುವ ಒಂದು ಬೂಜು ಬೇರಿನೊಳಗೆ ಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಡುವದೇ ಇದಕ್ಕೆ ಕಾರಣ. 2022ರ ಹಂಗಾಮಿನಲ್ಲಿ ಈ ರೋಗವು ಕಲಬುರಗಿ ಜಿಲ್ಲೆಯ ತೊಗರಿಗೆ ಮಾಡಿದ ಹಾನಿಯನ್ನು ನಮ್ಮ ಒಕ್ಕಲಿನವರು ಮರೆತಿಲ್ಲ.

ಮನುಷ್ಯನ ಮನಸ್ಸಿಗೂ ಇಂಥ ಒಂದು ನೆಟೆ ಉಂಟು. ದೇವರ ಕೃಪೆಯೆಂಬ ತೇವವು ಬೇರಿನ ಬಳಿಯಲ್ಲಿಯೇ ಇದ್ದರೂ ಅದು ಮೇಲಕ್ಕೆ ಏರದಂತೆ ಕೆಲವು ಯೋಚನೆಗಳು ನಾಳವನ್ನು ಮುಚ್ಚುತ್ತವೆ. "ನನ್ನಿಂದ ಏನೂ ಆಗದು," "ನನಗೆ ಯಾರೂ ಇಲ್ಲ," "ಇನ್ನು ಮುಂದೆ ಒಳ್ಳೆಯದಾಗುವದಿಲ್ಲ," "ನನ್ನ ಹಣೆಬರಹವೇ ಇಷ್ಟು" ಎಂಬವೇ ಆ ಯೋಚನೆಗಳು. ಇವು ಒಂದೇ ದಿನದಲ್ಲಿ ಹುಟ್ಟುವವುಗಳಲ್ಲ. ಸಾಲಗಾರನು ಬಾಗಲಿಗೆ ಬಂದು ನಿಂತಾಗಲೂ, ಮಗನು ಪರೀಕ್ಷೆಯಲ್ಲಿ ತಪ್ಪಿದಾಗಲೂ, ಮಕ್ಕಳಿಲ್ಲದವಳೆಂದು ನೆರೆಯವರು ಹಂಗಿಸುವಾಗಲೂ, ದುಡಿಯಲಿಕ್ಕೆ ಮುಂಬಯಿಗೆ ಹೋದ ಗಂಡನಿಂದ ಸುದ್ದಿ ಬಾರದಿರುವಾಗಲೂ ಇವು ಮೆಲ್ಲಮೆಲ್ಲನೆ ಒಳಗೆ ಹೊಕ್ಕು ನೆಲೆಮಾಡಿಕೊಳ್ಳುವವು.

ಇಂಥ ಮನಸ್ಸುಳ್ಳವರಿಗೆ ಸಭೆಯಲ್ಲಿ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? "ನಿನಗೆ ವಿಶ್ವಾಸ ಸಾಲದು, ಇನ್ನಷ್ಟು ಪ್ರಾರ್ಥನೆಮಾಡು" ಎನ್ನುತ್ತೇವೆ. ಮಾತು ಸುಳ್ಳಲ್ಲದಿದ್ದರೂ ಮುರಿದ ಕಾಲಿನವನಿಗೆ "ನಡೆ" ಎಂದ ಹಾಗಾಗುತ್ತದೆ. ದೇವರು ತಾನೇ ಹೀಗೆ ಕುಗ್ಗಿದ ಒಬ್ಬ ಸೇವಕನನ್ನು ಯಾವ ಕ್ರಮದಿಂದ ಉಪಚರಿಸಿದನೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ದೊಡ್ಡ ಭಕ್ತನೂ ಕುಗ್ಗುತ್ತಾನೆ

ಎಲೀಯನು ಸಾಮಾನ್ಯನಲ್ಲ. ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಬಾಳನ ನಾನೂರೈವತ್ತು ಮಂದಿ ಪ್ರವಾದಿಗಳ ಎದುರಿಗೆ ಒಬ್ಬನೇ ನಿಂತನು. ಅವನು ಪ್ರಾರ್ಥಿಸಲು ಆಕಾಶದಿಂದ ಬೆಂಕಿ ಇಳಿಯಿತು. ಬರಗಾಲ ಕಳೆದು ಮಳೆ ಬಂತು. ಅರಸನ ರಥದ ಮುಂದೆ ಓಡುವಷ್ಟು ಬಲವು ಅವನಿಗೆ ಉಂಟಾಯಿತು. ಇಷ್ಟೆಲ್ಲಾ ಆದ ಮೇಲೆ ಈಜೆಬೆಲ್ ರಾಣಿಯು ಕೊಲ್ಲಿಸುವೆನೆಂದು ಒಂದು ಮಾತು ಹೇಳಿಕಳುಹಿಸಿದ್ದೇ ತಡ, ಅವನು ಪ್ರಾಣಭಯದಿಂದ ಓಡಿದನು. ಬೇರ್ಷೆಬದಲ್ಲಿ ತನ್ನ ಆಳನ್ನು ಬಿಟ್ಟು, ಒಂದು ದಿನದ ಪ್ರಯಾಣದಷ್ಟು ದೂರ ಅಡವಿಗೆ ಹೋಗಿ, ನಮ್ಮ ಹೊಲದ ಬದುವಿನ ಜಾಲಿಯಂಥ ಒಂದು ಗಿಡದ ಕೆಳಗೆ ಕೂತು, ತನಗೆ ಸಾವು ಬರಲೆಂದು ಬೇಡಿದನು. ತಾನು ತನ್ನ ಪಿತೃಗಳಿಗಿಂತ ಉತ್ತಮನಲ್ಲವೆಂದು ತನ್ನನ್ನೇ ಹಳಿದುಕೊಂಡನು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದಾಗಿ, ಅವನ ಕುಗ್ಗುವಿಕೆಯು ಸೋಲಿನ ತರುವಾಯವಲ್ಲ, ಜಯದ ತರುವಾಯ ಬಂತು. ಮದುವೆ ಕಳೆದ ಮರುದಿನ, ಸುಗ್ಗಿ ಮುಗಿದ ವಾರ, ಹಬ್ಬದ ಕೂಟ ಚದುರಿದ ಸಂಜೆ ಮನಸ್ಸು ಬರಿದಾಗುವದುಂಟು, ಇದಕ್ಕೆ ಆಶ್ಚರ್ಯಪಡಬೇಕಾದದ್ದಿಲ್ಲ. ಎರಡನೆಯದಾಗಿ, ಅವನು ಬಹಳ ದಣಿದಿದ್ದನು. ಮೂರನೆಯದಾಗಿ, ತನ್ನ ಸಂಗಡಿಗನನ್ನು ಹಿಂದೆ ಬಿಟ್ಟು ಒಬ್ಬನೇ ಹೋದನು. ದಣಿವೂ ಒಂಟಿತನವೂ ಕೂಡಿದ ಕಡೆಯಲ್ಲಿ ಕೆಟ್ಟ ಯೋಚನೆಗೆ ಬಾಗಲು ತೆರೆದಿರುತ್ತದೆ. ಆದರೂ ಸತ್ಯವೇದವು ಎಲೀಯನ ಈ ದಿನವನ್ನು ಮುಚ್ಚಿಡಲಿಲ್ಲ. ಆತನ ಜಯದ ಪಕ್ಕದಲ್ಲಿಯೇ ಬರೆದಿಟ್ಟಿತು. ಆದದರಿಂದ ಕುಗ್ಗಿದವನು ತಾನು ಭಕ್ತರ ಗುಂಪಿನಿಂದ ಹೊರಗಾದೆನೆಂದು ತಿಳಿಯಬಾರದು.

2. ಮೊದಲು ರೊಟ್ಟಿಯೂ ನಿದ್ರೆಯೂ

ದೇವರು ಎಲೀಯನನ್ನು ಗದರಿಸಲಿಲ್ಲ. ಉಪದೇಶವನ್ನೂ ಕೂಡಲೇ ಆರಂಭಿಸಲಿಲ್ಲ. ಅವನು ಮಲಗಿ ನಿದ್ರೆಮಾಡಲಿಕ್ಕೆ ಬಿಟ್ಟನು. ಆಮೇಲೆ ದೂತನು ಅವನನ್ನು ಮುಟ್ಟಿ ಎಬ್ಬಿಸಿದನು. ನೋಡಲು, ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆಯಲ್ಲಿ ನೀರೂ ಇದ್ದವು. ಅವನು ತಿಂದು ಕುಡಿದು ಮತ್ತೆ ಮಲಗಿದನು. ದೂತನು ಎರಡನೆಯ ಸಾರಿಯೂ ಬಂದು, ಮುಂದಿನ ದಾರಿ ದೂರವಾದದರಿಂದ ಇನ್ನೂ ತಿನ್ನಬೇಕೆಂದು ಹೇಳಿದನು. ಬಿಸಿರೊಟ್ಟಿಯೇ ದೇವರ ಮೊದಲನೆಯ ಉಪದೇಶವಾಯಿತು.

ಇದನ್ನು ನಾವು ಹಗುರವಾಗಿ ಎಣಿಸಬಾರದು. ದೇಹವನ್ನೂ ಮನಸ್ಸನ್ನೂ ಒಬ್ಬನೇ ಸೃಷ್ಟಿಕರ್ತನು ಒಟ್ಟಿಗೆ ಹೆಣೆದಿದ್ದಾನೆ. ಒಂದು ಸೊರಗಿದರೆ ಇನ್ನೊಂದು ಸೊರಗುವದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ರೊಟ್ಟಿ ಬಡಿದು ಹಾಕಿ ಕಡೆಗೆ ಉಳಿದದ್ದನ್ನು ಉಣ್ಣುವ ತಾಯಿಯೂ, ಬೆಳಗಿನ ಜಾವಕ್ಕೆ ಎದ್ದು ನಡುರಾತ್ರಿಯ ವರೆಗೆ ದುಡಿಯುವ ಸೊಸೆಯೂ "ನನಗೆ ಬಾಳೇ ಬೇಸರವಾಗಿದೆ" ಎಂದರೆ, ಅವರಿಗೆ ವಚನ ಹೇಳುವ ಮೊದಲು ಅವರು ಉಂಡರೋ, ಮಲಗಿದರೋ ಎಂದು ಕೇಳಬೇಕು. ಮೈಯಲ್ಲಿ ರಕ್ತ ಕಡಿಮೆಯಾದರೂ ಮನಸ್ಸು ಬೇಗನೆ ದಣಿಯುವದು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಂಟು. ಹೆರಿಗೆಯಾದ ಬಾಣಂತಿಯು ಕಾರಣವಿಲ್ಲದೆ ಅಳುತ್ತಿದ್ದರೆ ಅವಳನ್ನು ಹಂಗಿಸದೆ, ಕೂಸನ್ನು ಕೆಲವು ಹೊತ್ತು ಎತ್ತಿಕೊಂಡು ಅವಳನ್ನು ಮಲಗಗೊಡಿಸಿರಿ. ಎರಡು ವಾರವಾದರೂ ಅಳು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ.

ಗಂಡಸರಲ್ಲಿ ಅನೇಕರು ಚಿಂತೆಯನ್ನು ಮರೆಯಲಿಕ್ಕೆ ಸೆರೆಯ ಅಂಗಡಿಗೆ ಹೋಗುತ್ತಾರೆ. ಸೆರೆಯು ಒಂದು ತಾಸು ಚಿಂತೆಯನ್ನು ಮರಸಿ, ಮರುದಿನ ಅದನ್ನು ಬಡ್ಡಿಸಮೇತ ಹಿಂದಕ್ಕೆ ಕೊಡುವದು, ನಿದ್ರೆಯನ್ನು ಕೆಡಿಸುವದು, ಮನೆಯ ರೊಟ್ಟಿಯನ್ನೂ ತಿನ್ನುವದು. ಎಲೀಯನಿಗೆ ದೇವದೂತನು ತಂದದ್ದು ರೊಟ್ಟಿಯೂ ನೀರೂ ಎಂಬದನ್ನು ಅಂಥವರು ನೆನಪಿನಲ್ಲಿಡಲಿ.

3. ದೇವರು ಪ್ರಶ್ನೆಮಾಡಿ ಕೇಳುತ್ತಾನೆ

ಎಲೀಯನು ನಾಲ್ವತ್ತು ದಿವಸ ನಡೆದು ಹೋರೇಬ್ ಬೆಟ್ಟದ ಗವಿಯನ್ನು ಸೇರಿದನು. ಅಲ್ಲಿ ಯೆಹೋವನು ಅವನಿಗೆ ಇಲ್ಲಿ ನಿನಗೇನು ಕೆಲಸವೆಂದು ಕೇಳಿದನು. ಸರ್ವವನ್ನೂ ಬಲ್ಲವನು ಯಾಕೆ ಕೇಳಬೇಕು? ಎಲೀಯನು ತನ್ನ ಎದೆಯ ಭಾರವನ್ನು ತಾನೇ ಬಾಯಿಬಿಟ್ಟು ಹೇಳಲೆಂದೇ. ಅವನು ತನ್ನ ದೂರನ್ನೆಲ್ಲಾ ಹೇಳಿದನು. ಗಾಳಿ, ಭೂಕಂಪ, ಬೆಂಕಿ ಇವುಗಳು ದಾಟಿಹೋದ ಮೇಲೆ ಮೆಲ್ಲನೆಯ ಧ್ವನಿಯಿಂದ ಅದೇ ಪ್ರಶ್ನೆಯು ಮತ್ತೊಮ್ಮೆ ಬಂತು. ಎಲೀಯನೂ ಅದೇ ಉತ್ತರವನ್ನು ಹೇಳಿದನು. ದೇವರು ಬೇಸರಗೊಳ್ಳದೆ ಎರಡು ಸಾರಿಯೂ ಕೇಳಿದನು.

ಆದದರಿಂದ, ಪ್ರಿಯರೇ, ದೇವರ ಮುಂದೆ ಅಲಂಕಾರದ ಪ್ರಾರ್ಥನೆಯೇ ಬೇಕೆಂದು ತಿಳಿಯಬೇಡಿರಿ. ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಯಂತೆಯೇ ಅಳುವೂ ದೂರೂ ಬಹಳ ಉಂಟು. ನಾಲ್ವತ್ತೆರಡನೆಯ ಕೀರ್ತನೆಯನ್ನು ಬರೆದವನು ಕಣ್ಣೀರೇ ತನಗೆ ಹಗಲಿರುಳೂ ಆಹಾರವಾಯಿತೆಂದು ದೇವರಿಗೆ ಹೇಳಿದನು. ನಮ್ಮ ಕರ್ತನಾದ ಯೇಸುವೂ ಗೆತ್ಸೇಮನೆ ತೋಟದಲ್ಲಿ ತನ್ನ ಪ್ರಾಣವು ಸಾಯುವಷ್ಟು ದುಃಖಪಡುತ್ತದೆಂದು ಮೂವರು ಶಿಷ್ಯರಿಗೆ ಮರೆಮಾಡದೆ ತಿಳಿಸಿ, ತನ್ನ ಸಂಗಡ ಎಚ್ಚರವಾಗಿರ್ರಿ ಎಂದು ಕೇಳಿಕೊಂಡನು. ಪಾಪವಿಲ್ಲದ ಆತನು ದುಃಖವನ್ನು ಹೇಳಿಕೊಂಡನಾದರೆ, ಹೇಳಿಕೊಳ್ಳುವದು ಪಾಪವಲ್ಲ.

ಸಭೆಯ ಹಿರಿಯರು ಇಲ್ಲಿಂದ ಕಲಿಯತಕ್ಕದ್ದು ಒಂದುಂಟು. ಯೋಬನ ಸ್ನೇಹಿತರು ಏಳು ದಿವಸ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಒಳ್ಳೇ ಸ್ನೇಹಿತರಾಗಿದ್ದರು. ಬಾಯಿತೆರೆದು ಅವನಲ್ಲಿ ತಪ್ಪು ಹುಡುಕಲಾರಂಭಿಸಿದ ಮೇಲೆ ಭಾರವಾದರು. ಬೆಳೆ ಹೋದವನ ಕಟ್ಟೆಯ ಮೇಲೆ ಹೋಗಿ ಕೂಡ್ರಿರಿ. "ಯಾಕಪ್ಪಾ, ಹೇಗಿದ್ದೀ?" ಎಂದು ಕೇಳಿರಿ. ಉತ್ತರವು ಪೂರ್ತಿಯಾಗುವ ವರೆಗೆ ವಚನವನ್ನು ತೆಗೆಯಬೇಡಿರಿ.

4. ಸುಳ್ಳು ಲೆಕ್ಕವನ್ನು ತಿದ್ದುವದು

ಎಲೀಯನ ದೂರಿನಲ್ಲಿ ನಿಜವೂ ಇತ್ತು, ಸುಳ್ಳೂ ಇತ್ತು. ಜನರು ಒಡಂಬಡಿಕೆಯನ್ನು ಬಿಟ್ಟದ್ದು ನಿಜ. ಪ್ರವಾದಿಗಳನ್ನು ಕೊಂದದ್ದು ನಿಜ. ರಾಣಿಯು ಅವನ ಪ್ರಾಣವನ್ನು ಹುಡುಕುವದೂ ನಿಜ. ಆದರೆ ತಾನೊಬ್ಬನೇ ಉಳಿದಿದ್ದೇನೆಂಬ ಮಾತು ಸುಳ್ಳಾಗಿತ್ತು. ಹಿಂದಿನ ಅಧ್ಯಾಯದ ಹದಿಮೂರನೆಯ ವಚನವನ್ನು ನೋಡಿರಿ: ಓಬದ್ಯನು ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತು ಮಂದಿಯಾಗಿ ಗವಿಗಳಲ್ಲಿ ಅಡಗಿಸಿ ಅನ್ನಪಾನ ಕೊಟ್ಟು ಸಾಕಿದ್ದನ್ನು ಎಲೀಯನಿಗೆ ತಾನೇ ತಿಳಿಸಿದ್ದನು! ಎಲೀಯನು ಕಿವಿಯಾರೆ ಕೇಳಿದ್ದನ್ನು ಕುಗ್ಗಿದ ಮನಸ್ಸು ಅಳಿಸಿಬಿಟ್ಟಿತು. ದುಃಖದ ಯೋಚನೆಯ ಗುಣವೇ ಇದು. ನಷ್ಟದ ಲೆಕ್ಕವನ್ನು ಒಂದು ಕಾಸೂ ಬಿಡದೆ ಬರೆಯುವದು. ಉಳಿದದ್ದರ ಲೆಕ್ಕವನ್ನು ಬರೆಯುವದೇ ಇಲ್ಲ.

ದೇವರು ಆ ಲೆಕ್ಕವನ್ನು ತಿದ್ದಿದನು. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನರು ಇಸ್ರಾಯೇಲಿನಲ್ಲಿ ಉಳಿದಿದ್ದಾರೆಂದು ತಿಳಿಸಿದನು. ಒಬ್ಬನೆಲ್ಲಿ, ಏಳು ಸಾವಿರವೆಲ್ಲಿ!

ಇಲ್ಲಿ ವಿಶ್ವಾಸವೆಂದರೇನೆಂಬದನ್ನು ಸ್ಪಷ್ಟವಾಗಿ ತಿಳಿಯಬೇಕು. ಬೆಳೆ ಹೋದರೂ ಹೋಗಲಿಲ್ಲವೆನ್ನುವದು, ಸಾಲವಿದ್ದರೂ ಇಲ್ಲವೆನ್ನುವದು, ಎಲ್ಲಾ ಚೆನ್ನಾಗಿದೆಯೆಂದು ಬಾಯಲ್ಲಿ ಹೇಳಿಕೊಳ್ಳುವದು ವಿಶ್ವಾಸವಲ್ಲ. ಹಬಕ್ಕೂಕನ ಮೂರನೆಯ ಅಧ್ಯಾಯದ ಕಡೇ ಭಾಗವನ್ನು ಓದಿರಿ. ಅಂಜೂರ ಚಿಗುರದೆ, ದ್ರಾಕ್ಷೆ ಫಲಿಸದೆ, ಹೊಲ ಬೆಳೆಯದೆ, ಹಟ್ಟಿಯಲ್ಲಿ ದನಕರುಗಳಿಲ್ಲದೆ ಹೋದದ್ದನ್ನು ಪ್ರವಾದಿಯು ಒಂದೊಂದಾಗಿ ಎಣಿಸಿ, ಆದಾಗ್ಯೂ ತಾನು ತನ್ನ ರಕ್ಷಕನಾದ ದೇವರಲ್ಲಿ ಸಂತೋಷಿಸುವೆನೆಂದನು. ನಷ್ಟವನ್ನು ಪೂರ್ತಿಯಾಗಿ ಒಪ್ಪಿಕೊಂಡು, ದೇವರನ್ನೂ ಲೆಕ್ಕದಲ್ಲಿ ಸೇರಿಸುವದೇ ವಿಶ್ವಾಸ.

ಹಾಗೆಯೇ ಹಣೆಬರಹವೆಂಬ ಮಾತನ್ನೂ ವಿಚಾರಿಸೋಣ. ದೀಕ್ಷಾಸ್ನಾನ ಹೊಂದಿದ ಮೇಲೂ ಈ ಮಾತು ನಮ್ಮ ನಾಲಿಗೆಯಿಂದ ಹೋಗಿಲ್ಲ. ಹಣೆಬರಹವು ಕಿವಿಯಿಲ್ಲದ್ದು, ಅದಕ್ಕೆ ಮೊರೆಯಿಟ್ಟರೆ ಕೇಳದು, ಅತ್ತರೆ ಕರಗದು. ನಮ್ಮ ಜೀವವಾದರೋ ತಂದೆಯ ಕೈಯಲ್ಲಿ ಇರುವದು. ಆ ಕೈಯಲ್ಲಿ ಮೊಳೆಯ ಗಾಯವಿರುವದು. ಯಾರೋ ಮಾಟಮಾಡಿಸಿದ್ದಾರೆಂದು ನೆರೆಯವನನ್ನು ದ್ವೇಷಿಸುವದೂ ಇಂಥದೇ ಒಂದು ಸುಳ್ಳು ಲೆಕ್ಕ. ಅದು ಒಂದು ದುಃಖದ ಮೇಲೆ ಇನ್ನೊಂದು ಜಗಳವನ್ನು ಕೂಡಿಸುವದಲ್ಲದೆ ಬೇರೆ ಫಲವನ್ನು ಕೊಡುವದಿಲ್ಲ.

ಪೌಲನು 2 ಕೊರಿಂಥದವರಿಗೆ 10:5ರಲ್ಲಿ ಯೋಚನೆಗಳನ್ನು ಸೆರೆಹಿಡಿದು ಕ್ರಿಸ್ತನಿಗೆ ವಿಧೇಯವಾಗಿ ಮಾಡುವ ವಿಷಯವನ್ನು ಬರೆದಿದ್ದಾನೆ. ಸೆರೆಹಿಡಿದವನನ್ನು ನ್ಯಾಯಸ್ಥಾನಕ್ಕೆ ತಂದು ವಿಚಾರಿಸುವದು ರೂಢಿ. ಹಾಗೆಯೇ ಕೆಟ್ಟ ಯೋಚನೆ ಬಂದಾಗ ಅದನ್ನು ಮೂರು ಪ್ರಶ್ನೆಗಳಿಂದ ವಿಚಾರಿಸಿರಿ. ಇದರಲ್ಲಿ ನಡೆದ ಸಂಗತಿ ಎಷ್ಟು, ನಾನು ಕೂಡಿಸಿದ ತೀರ್ಪು ಎಷ್ಟು? ಇದಕ್ಕೆ ವಿರೋಧವಾಗಿ ಸಾಕ್ಷಿ ಹೇಳುವ ಯಾವದನ್ನು ನಾನು ಮರೆತಿದ್ದೇನೆ? ಕರ್ತನು ಇದರ ವಿಷಯವಾಗಿ ಏನು ಹೇಳಿದ್ದಾನೆ?

ದೃಷ್ಟಾಂತವಾಗಿ, ತೊಗರಿ ಒಣಗಿದವನು "ನನ್ನ ಬಾಳೇ ಮುಗಿಯಿತು" ಎನ್ನುತ್ತಾನೆ. ನಡೆದದ್ದೇನು? ಈ ವರ್ಷದ ಬೆಳೆ ಹೋಯಿತು. ಸಾಲವು ಇಷ್ಟು ಉಳಿಯಿತು. ಇವೆರಡೂ ನಿಜ, ಇವು ಸಣ್ಣವೂ ಅಲ್ಲ. ಬಾಳು ಮುಗಿಯಿತೆಂಬದು ಅವನು ಕೂಡಿಸಿದ ತೀರ್ಪು. ಹೊಲವು ಉಳಿದಿದೆ, ದುಡಿಯುವ ಕೈಗಳಿವೆ, ತಂದೆಯನ್ನು ನೋಡಿ ನಗುವ ಮಗುವಿದೆ, ಸಾಲದ ಗಡುವನ್ನು ಮುಂದಕ್ಕೆ ಹಾಕಬೇಕೆಂದು ಸಹಕಾರಿ ಸಂಘದಲ್ಲಿ ಕೇಳುವ ದಾರಿಯಿದೆ. ಪರೀಕ್ಷೆಯಲ್ಲಿ ತಪ್ಪಿದ ಹುಡುಗಿಯು "ನಾನು ದಡ್ಡಿ" ಎನ್ನುತ್ತಾಳೆ. ನಡೆದದ್ದು ಒಂದು ವಿಷಯದಲ್ಲಿ ಅಂಕಗಳು ಕಡಿಮೆಯಾದದ್ದು. ಆ ಪರೀಕ್ಷೆಯನ್ನು ಪುನಃ ಬರೆಯಬಹುದು. ಮಕ್ಕಳಿಲ್ಲದ ತಾಯಿಯು "ನಾನು ಶಾಪಗ್ರಸ್ತಳು" ಎನ್ನುತ್ತಾಳೆ. ಹನ್ನಳೂ ಎಲಿಸಬೇತಳೂ ಹಾಗೆಯೇ ಹಂಗಿಸಲ್ಪಟ್ಟವರು. ಆದರೆ ಮಗುವು ಹುಟ್ಟುವದಕ್ಕೆ ಮೊದಲೇ ಎಲಿಸಬೇತಳು ದೇವರ ದೃಷ್ಟಿಯಲ್ಲಿ ನೀತಿವಂತಳಾಗಿದ್ದಳೆಂದು ಲೂಕನು ಸಾಕ್ಷಿ ಕೊಟ್ಟಿದ್ದಾನೆ.

5. ಕೆಲಸವೂ ಸಂಗಡಿಗನೂ

ಕಡೆಗೆ ದೇವರು ಎಲೀಯನಿಗೆ ಬಂದ ದಾರಿಯಲ್ಲಿ ಹಿಂದಿರುಗೆಂದು ಹೇಳಿ ಮೂರು ಕೆಲಸಗಳನ್ನು ಕೊಟ್ಟನು. ಮೂರನೆಯದು ಎಲೀಷನನ್ನು ಅಭಿಷೇಕಿಸುವದು. ಎಲೀಯನು ಹೋಗಿ ನೋಡಲು, ಎಲೀಷನು ಹನ್ನೆರಡು ಜೋಡಿ ಎತ್ತುಗಳನ್ನು ಕಟ್ಟಿ ಉಳುತ್ತಿದ್ದನು. ಅಂದಿನಿಂದ ಎಲೀಯನು ಒಂಟಿಯಾಗಿರಲಿಲ್ಲ. ಅಡವಿಯಲ್ಲಿ ಸಾವನ್ನು ಬೇಡಿದವನಿಗೆ ದೇವರು ಮಾಡತಕ್ಕ ಕೆಲಸವನ್ನೂ ಜೊತೆಗೆ ನಡೆಯತಕ್ಕ ಒಬ್ಬ ಒಕ್ಕಲಿಗನನ್ನೂ ಕೊಟ್ಟನು.

ನಮ್ಮ ಕೈಯಲ್ಲಿರುವ ಕನ್ನಡ ಸತ್ಯವೇದದ ಚರಿತ್ರೆಯಲ್ಲಿಯೂ ಇಂಥ ಒಂದು ಸಂಗತಿಯುಂಟು. ಬಂಗಾಳದ ಸೆರಾಂಪುರದಲ್ಲಿ ವಿಲ್ಯಂ ಕೇರಿ ಸಾಹೇಬರೂ ಅವರ ಜೊತೆಯವರಾದ ಮಾರ್ಷ್‌ಮನ್, ವಾರ್ಡ್ ಎಂಬವರೂ ದೇಶದ ಅನೇಕ ಭಾಷೆಗಳಲ್ಲಿ ದೇವರ ವಾಕ್ಯವನ್ನು ಅಚ್ಚುಹಾಕಿಸುತ್ತಿದ್ದರು. 1812ನೆಯ ಮಾರ್ಚ್ 11ರ ಸಾಯಂಕಾಲ ಅವರ ಅಚ್ಚುಕೂಟಕ್ಕೆ ಬೆಂಕಿ ಹತ್ತಿತು. ಜೀವಹಾನಿಯಾಗಲಿಲ್ಲ, ಆದರೆ ಕಾಗದವೂ ಅಚ್ಚಿನ ಮೊಳೆಗಳೂ ವರುಷಗಟ್ಟಲೆ ಬರೆದ ಕೈಬರಹಗಳೂ ಸುಟ್ಟುಹೋದವು. ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಅವುಗಳಲ್ಲಿ ಇತ್ತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು; ಮರುದಿನ ಮಾರ್ಷ್‌ಮನ್ನರು ಹೋಗಿ ಈ ಸುದ್ದಿಯನ್ನು ಮುಟ್ಟಿಸಿದರು.

ಅವರು ನಷ್ಟವನ್ನು ನಷ್ಟವಲ್ಲವೆಂದು ಹೇಳಲಿಲ್ಲ. ಬೂದಿಯಲ್ಲಿ ಹುಡುಕಲಾಗಿ ಅಕ್ಷರಗಳನ್ನು ಎರಕಹೊಯ್ಯುವ ಅಚ್ಚುಗಳು ಕೆಡದೆ ಸಿಕ್ಕಿದವು. ಅಚ್ಚಿನ ಯಂತ್ರಗಳೂ ಉಳಿದಿದ್ದವು. ಕರಗಿದ ಸೀಸವನ್ನೇ ಕೂಡಿಸಿ ಹೊಸ ಅಕ್ಷರಗಳನ್ನು ಎರಕಹೊಯ್ಯಲಾರಂಭಿಸಿದರು. ಕೇರಿಯವರು ನಾಲ್ವತ್ತಾರನೆಯ ಕೀರ್ತನೆಯ ಹತ್ತನೆಯ ವಚನದ ಮೇಲೆ ಪ್ರಸಂಗಮಾಡಿ, ದೇವರೇ ದೇವರೆಂದು ತಿಳಿದು ಸುಮ್ಮನಿರುವದನ್ನು ತಾವೂ ಕಲಿತು ಜನರಿಗೂ ಕಲಿಸಿದರು. ಆಮೇಲೆ ಕೆಲಸಕ್ಕೆ ಕೂತರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ನಡೆಯುವದು ಮೊದಲಿಗಿಂತ ಸುಲಭವೆಂಬ ಅಭಿಪ್ರಾಯವನ್ನು ಅವರು ಪತ್ರದಲ್ಲಿ ಬರೆದರು.

ಇದಕ್ಕಿಂತಲೂ ಆದರಣೆಯ ಮಾತು ಇನ್ನೊಂದುಂಟು. ಸೆರಾಂಪುರದಲ್ಲಿ ಕನ್ನಡ ಹಾಳೆಗಳು ಬೂದಿಯಾದ ಆ ದಿನದಲ್ಲಿ, ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಇದ್ದರು. 1810ರಲ್ಲಿ ಬಳ್ಳಾರಿಗೆ ಬಂದ ಅವರು ಕನ್ನಡವನ್ನು ಕಲಿತು ಅದೇ ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದರು. ತರುವಾಯ ವಿಲ್ಯಂ ರೀವ್ ಎಂಬವರೂ ಅವರನ್ನು ಕೂಡಿಕೊಂಡರು. 1831ರೊಳಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಸಿದ್ಧವಾಗಿ ಅಚ್ಚಾಯಿತು. ಒಂದು ಊರಿನಲ್ಲಿ ಸುಟ್ಟುಹೋದ ಕೆಲಸಕ್ಕೆ ದೇವರು ಇನ್ನೊಂದು ಊರಿನಲ್ಲಿ ಕೈಗಳನ್ನು ಇಟ್ಟಿದ್ದನು. ಏಳು ಸಾವಿರದ ಲೆಕ್ಕವೆಂದರೆ ಇದೇ. ನೀವು ಈ ಹೊತ್ತು ಮನೆಯಲ್ಲಿ ಸತ್ಯವೇದವನ್ನು ತೆರೆಯುವಾಗ ಇದನ್ನು ನೆನಸಿರಿ.

ಆದದರಿಂದ ಕುಗ್ಗಿದವನು ದೊಡ್ಡ ಕೆಲಸವನ್ನು ಹುಡುಕಬೇಕಾಗಿಲ್ಲ. ಎದುರಿಗಿರುವ ಒಂದು ಸಣ್ಣ ಕೆಲಸಕ್ಕೆ ಕೈಹಾಕಲಿ. ದನದ ಕೊಟ್ಟಿಗೆಯನ್ನು ಬಳಿಯುವದು, ಬದುವಿನ ಕಲ್ಲನ್ನು ಸರಿಮಾಡುವದು, ಹಾಸಿಗೆ ಹಿಡಿದಿರುವ ನೆರೆಯ ಅಜ್ಜಿಗೆ ನೀರು ತಂದುಕೊಡುವದು, ಯಾವದಾದರೂ ಆಗಲಿ. ಮತ್ತು ಒಬ್ಬನೇ ಇರದಿರಲಿ. ಪೌಲನಂಥವನೂ ಆಸ್ಯದಲ್ಲಿ ಬದುಕುವ ಆಶೆಯನ್ನೇ ಬಿಟ್ಟಿದ್ದೆನೆಂದು 2 ಕೊರಿಂಥದವರಿಗೆ 1:8ರಲ್ಲಿ ಬರೆದನು. ಏಳನೆಯ ಅಧ್ಯಾಯದಲ್ಲಿ ದೇವರು ತೀತನ ಬರೋಣದಿಂದ ತನ್ನನ್ನು ಸಂತೈಸಿದನೆಂದನು. ದೇವರ ಆದರಣೆಯು ಬಹಳ ಸಾರಿ ಎರಡು ಕಾಲಿನ ಮೇಲೆ ನಡೆದು ಬಾಗಲಿಗೆ ಬರುವದು.

6. ರೋಗವು ಆಳವಾಗಿರುವಾಗ

ಕೇರಿಯವರ ಮನೆಯಲ್ಲಿಯೇ ಇನ್ನೊಂದು ದುಃಖವಿತ್ತು. ಅವರ ಹೆಂಡತಿ ಡಾರೊಥಿಯಮ್ಮನವರು 1793ರಲ್ಲಿ ಗಂಡನ ಸಂಗಡ ಬಂಗಾಳಕ್ಕೆ ಬಂದರು. ಮರುವರುಷ ಐದು ವಯಸ್ಸಿನ ಮಗ ಪೀಟರನು ತೀರಿಕೊಂಡನು. ಆ ತರುವಾಯ ತಾಯಿಯ ಮನಸ್ಸು ಕೆಟ್ಟು, 1807ರಲ್ಲಿ ಅವರು ತೀರಿಕೊಳ್ಳುವ ವರೆಗೂ ಸರಿಯಾಗಲಿಲ್ಲ. ಸತ್ಯವೇದವನ್ನು ಭಾಷಾಂತರಿಸಿದ ಮನೆಯಲ್ಲಿ ಇಂಥ ರೋಗವು ಹನ್ನೆರಡು ವರುಷಕ್ಕಿಂತ ಹೆಚ್ಚು ಕಾಲ ಇತ್ತು. ಅವರಿಗೆ ವಿಶ್ವಾಸವಿರಲಿಲ್ಲವೆಂದು ಹೇಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಆ ಕಾಲದಲ್ಲಿ ಅಂಥವರಿಗೆ ತಕ್ಕ ಔಷಧವಿರಲಿಲ್ಲ, ಈಗ ಉಂಟು.

ಕೆಲವರ ಕುಗ್ಗುವಿಕೆಯು ಬರೀ ಯೋಚನೆಯಲ್ಲ, ರೋಗವಾಗಿರುವದು. ಎರಡು ವಾರಗಳಿಗಿಂತ ಹೆಚ್ಚು ಕಾಲ ನಿದ್ರೆಯೂ ಹಸಿವೂ ಕೆಟ್ಟು, ಯಾವದರಲ್ಲಿಯೂ ಮನಸ್ಸು ನಿಲ್ಲದೆ, ಬಾಳು ಬೇಡವೆನಿಸುತ್ತಿದ್ದರೆ ವೈದ್ಯರ ಬಳಿಗೆ ಹೋಗತಕ್ಕದ್ದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗದ ವೈದ್ಯರನ್ನು ಕಾಣಬಹುದು. 2022ನೆಯ ಅಕ್ಟೋಬರ್ 10ರಲ್ಲಿ ಭಾರತ ಸರಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಅಂಕೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಿ, ಹಣ ಕೊಡದೆ, ಕನ್ನಡದಲ್ಲಿಯೇ ಮಾತಾಡಬಹುದು. ಈ ಅಂಕೆಯನ್ನು ದೇವಾಲಯದ ಬಾಗಲಿನ ಮೇಲೆ ಬರೆದಿಡುವದು ಒಳ್ಳೇದು. ಸುವಾರ್ತೆಯನ್ನು ಬರೆದ ಲೂಕನು ವೈದ್ಯನಾಗಿದ್ದನು. ಪೌಲನು ಅವನನ್ನು ಪ್ರಿಯ ವೈದ್ಯನೆಂದು ಕರೆದನು. ಮಾತ್ರೆ ತಿನ್ನುವದು ಅವಿಶ್ವಾಸವಲ್ಲ. ರೋಗಿಯನ್ನು ದೆವ್ವ ಹಿಡಿದವನೆಂದು ಹೊಡೆಯುವದೂ ಕಟ್ಟಿಹಾಕುವದೂ ಕ್ರಿಸ್ತನ ಹೆಸರಿಗೆ ಅವಮಾನ.

ಯಾವನಾದರೂ ಸಾಯುವ ಮಾತನ್ನಾಡಿದರೆ ಅದನ್ನು ಬಾಯಿಮಾತೆಂದು ಬಿಟ್ಟುಬಿಡಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ವಿಷದ ಡಬ್ಬಿಯನ್ನು ಮನೆಯಿಂದ ತೆಗೆದು ಬೇರೆಯವರ ವಶದಲ್ಲಿಟ್ಟು, ಆ ದಿನವೇ ಸಹಾಯವನ್ನು ಕರೆಯಿರಿ. ಎಲೀಯನು ಸಾವನ್ನು ಬೇಡಿದಾಗ ದೇವರು ಆ ಬೇಡಿಕೆಯನ್ನು ಕೊಡದೆ ರೊಟ್ಟಿಯನ್ನು ಕೊಟ್ಟನು. ನಾವೂ ಹಾಗೆಯೇ ಮಾಡತಕ್ಕದ್ದು.

7. ನಮ್ಮ ನಿರೀಕ್ಷೆಯ ಬೇರು

ಲೂಕನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಎಮ್ಮಾಹುವಿನ ದಾರಿಯಲ್ಲಿ ಮೋರೆ ಬಾಡಿದವರಾಗಿ ನಡೆಯುತ್ತಿದ್ದರು. ಇಸ್ರಾಯೇಲನ್ನು ಬಿಡಿಸುವವನು ಆತನೇ ಎಂದು ತಾವು ನಿರೀಕ್ಷಿಸಿಕೊಂಡಿದ್ದ ಕಾಲವು ಕಳೆದುಹೋಯಿತೆಂದು ಅವರು ತಿಳಿದರು. ಸಮಾಧಿಗೆ ಹೋಗಿ ಬಂದ ಹೆಂಗಸರು ಆತನು ಬದುಕಿದ್ದಾನೆಂದು ಹೇಳಿದ್ದನ್ನು ಅವರು ಕೇಳಿಯೂ ಇದ್ದರು. ಎಲೀಯನಂತೆ ಅವರೂ ಕೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ರಿಸ್ತನು ಸತ್ತನೆಂದು ಅವರು ದುಃಖಿಸುತ್ತಿರುವಾಗ, ಕ್ರಿಸ್ತನೇ ಅವರ ಪಕ್ಕದಲ್ಲಿ ನಡೆಯುತ್ತಿದ್ದನು! ಆತನು ಮಾಡಿದ ಕ್ರಮವನ್ನು ನೋಡಿರಿ: ಮೊದಲು ಪ್ರಶ್ನೆಮಾಡಿದನು, ಅವರ ದುಃಖವನ್ನೆಲ್ಲಾ ಕೇಳಿದನು, ಶಾಸ್ತ್ರದಿಂದ ಅವರ ಲೆಕ್ಕವನ್ನು ತಿದ್ದಿದನು, ಅವರ ಸಂಗಡ ಊಟಕ್ಕೆ ಕೂತು ರೊಟ್ಟಿಯನ್ನು ಮುರಿದನು. ಅವರು ಅದೇ ರಾತ್ರಿ ಯೆರೂಸಲೇಮಿಗೂ ಜೊತೆಯವರ ಬಳಿಗೂ ಹಿಂದಿರುಗಿದರು. ಹೋರೇಬಿನಲ್ಲಿ ಉಪಚಾರ ಮಾಡಿದ ವೈದ್ಯನೇ ಎಮ್ಮಾಹುವಿನ ದಾರಿಯಲ್ಲಿಯೂ ನಡೆದನು.

ನಾವು ಒಳ್ಳೇದನ್ನು ನಿರೀಕ್ಷಿಸುವದು ನಮ್ಮ ಮನಸ್ಸಿನ ಬಲದಿಂದಲ್ಲ. ಸಮಾಧಿಯು ಬರಿದಾಗಿದೆ, ಆದಕಾರಣ ನಿರೀಕ್ಷಿಸುತ್ತೇವೆ. ನಮ್ಮ ಮನಸ್ಸು ಒಂದು ದಿನ ಏರಿ ಒಂದು ದಿನ ಇಳಿಯುವದು. ಎದ್ದ ಕರ್ತನು ಇಳಿಯುವದಿಲ್ಲ.

ನೆಟೆರೋಗವು ಹತ್ತಿದ ಮೇಲೆ ಗಿಡವನ್ನು ಉಳಿಸುವದು ಕಷ್ಟ. ಆದದರಿಂದ ಜಾಣ ಒಕ್ಕಲಿಗನು ಬಿತ್ತುವ ಮೊದಲೇ ಬೀಜಕ್ಕೆ ಉಪಚಾರ ಮಾಡುತ್ತಾನೆ. ತೊಗರಿಯ ಹೊಲದಲ್ಲಿ ವರುಷ ಬಿಟ್ಟು ಜೋಳ ಹಾಕಿ ಬೆಳೆ ಬದಲಿಸುತ್ತಾನೆ. ನಾವೂ ದಿನದ ಬೀಜವನ್ನು ಬೆಳಿಗ್ಗೆಯೇ ಪ್ರಾರ್ಥನೆಯಿಂದ ಉಪಚರಿಸೋಣ. ಚಿಂತೆಯನ್ನೇ ಬಿತ್ತುತ್ತಿರುವ ಹೊಲದಲ್ಲಿ ಉಪಕಾರಸ್ತುತಿಯನ್ನು ಬಿತ್ತೋಣ. ಈ ವಾರ ಪ್ರತಿ ರಾತ್ರಿ ದೀಪ ಆರಿಸುವ ಮೊದಲು ಆ ದಿನದಲ್ಲಿ ದೇವರು ಉಳಿಸಿಕೊಟ್ಟ ಮೂರು ಸಂಗತಿಗಳನ್ನು ಮನೆಯವರೆಲ್ಲರೂ ಕೂಡಿ ಹೇಳಿರಿ. ಮನುಷ್ಯನಾದರೋ ಗಿಡದಂತಲ್ಲ, ಒಣಗಿದವನನ್ನೂ ಕರ್ತನು ಚಿಗುರಿಸಬಲ್ಲನು.

ಮನೆಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಎಲೀಯನು ಕುಗ್ಗುವದಕ್ಕೆ ಕಾರಣಗಳೇನು? ಅವುಗಳಲ್ಲಿ ನಮ್ಮ ಮನೆಯಲ್ಲಿರುವವು ಯಾವವು?
2. ದೇವರು ಉಪದೇಶಕ್ಕಿಂತ ಮೊದಲು ರೊಟ್ಟಿಯನ್ನು ಯಾಕೆ ಕೊಟ್ಟನು?
3. ಓಬದ್ಯನ ಮಾತನ್ನು ಎಲೀಯನು ಮರೆತಂತೆ ನಾವು ಮರೆತಿರುವ ದೇವರ ಉಪಕಾರ ಯಾವದು?
4. ಹಣೆಬರಹವೆಂಬ ಮಾತಿಗೂ ತಂದೆಯ ಚಿತ್ತವೆಂಬ ಮಾತಿಗೂ ಭೇದವೇನು?
5. ನಮ್ಮ ಊರಿನಲ್ಲಿ ಈ ವಾರ ಯಾರ ಕಟ್ಟೆಯ ಮೇಲೆ ಹೋಗಿ ಕೂಡ್ರಬೇಕು? ಯಾರು ಹೋಗುವರು?

ಪ್ರಾರ್ಥನೆ

ಕರುಣೆಯುಳ್ಳ ತಂದೆಯೇ, ಗಿಡದ ಕೆಳಗೆ ಮಲಗಿದ ನಿನ್ನ ಸೇವಕನನ್ನು ನೀನು ತಳ್ಳಿಬಿಡಲಿಲ್ಲ. ನಮ್ಮಲ್ಲಿ ಕುಗ್ಗಿದವರನ್ನೂ ಮುಟ್ಟಿ ಎಬ್ಬಿಸು. ಹಸಿದವರಿಗೆ ರೊಟ್ಟಿಯನ್ನೂ ದಣಿದವರಿಗೆ ನಿದ್ರೆಯನ್ನೂ ರೋಗಿಗಳಿಗೆ ಒಳ್ಳೇ ವೈದ್ಯರನ್ನೂ ಒಂಟಿಯಾದವರಿಗೆ ಸಂಗಡಿಗರನ್ನೂ ಕೊಡು. ನಮ್ಮ ಸುಳ್ಳು ಲೆಕ್ಕಗಳನ್ನು ನಿನ್ನ ಸತ್ಯದಿಂದ ತಿದ್ದು. ನಾವು ಒಬ್ಬರೊಬ್ಬರ ಬಾಗಲಿಗೆ ನಿನ್ನ ದೂತರಾಗಿ ಹೋಗುವ ಹಾಗೆ ಮಾಡು. ಎದ್ದು ಬದುಕುವ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.